ಬೆಳಗಾವಿಯಿಂದ ಬೆಂಗಳೂರು, ದಿಲ್ಲಿ, ದುಬೈ: ವಿಮಾನದಾಗ ಖರೇ ಎಷ್ಟ ತಾಸು? ದೂರ ಮತ್ತ ಹೊತ್ತಿನ ಲೆಕ್ಕ ಹಾಕೋ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಯಾರರ ಮೊದಲ ಸಲ ವಿಮಾನದ ಟಿಕೆಟ್ ತೆಗಸೋ ಮುಂದ ಕೇಳೋ ಮೊದಲನೇ ಪ್ರಶ್ನೆ, "ಎಷ್ಟ ತಾಸ ಆಗತೈತ್ರಿ?" ಉತ್ರ ಮಾತ್ರ ಒಬ್ಬೊಬ್ಬರದು ಒಂದೊಂದು. ಬೆಂಗಳೂರಿಗೆ ಒಬ್ರು ನಲವತ್ತ ನಿಮಿಷ ಅಂತಾರ, ಟಿಕೆಟ್ ಮ್ಯಾಲ ಒಂದ ತಾಸ ಇಪ್ಪತ್ತ ನಿಮಿಷ ಅಂತ ಇರತೈತಿ, ಹೋಗಿ ಬಂದವ್ರನ್ನ ಕೇಳಿದ್ರ "ಅರ್ಧಾ ದಿನಾ ಹೋತ್ರಿ" ಅಂತಾರ. ಮೂರೂ ಖರೇನ. ಮೊದಲನೇದವ್ರು ಮ್ಯಾಲ ಹಾರಿದ ಹೊತ್ತು ಹೇಳಿದ್ರು, ಟಿಕೆಟ್‌ನ್ಯಾಗ ಇರೋದು ಗೇಟಿನಿಂದ ಗೇಟಿನ ತನಕ, ಮೂರನೇದವ್ರು ಹೇಳಿದ್ದು ತಮ್ಮ ಮನಿಯಿಂದ ಮುಟ್ಟಬೇಕಾದ ಮನಿ ತನಕ. ಬೆಳಗಾವಿ, ಬಾಗಲಕೋಟಿ, ವಿಜಯಪುರದ ಮಂದಿಗೆ ಕೆಲಸಕ್ಕ ಬರೋದು ಈ ಮೂರನೇ ಲೆಕ್ಕ, ಅದು ಯಾವ ಆ್ಯಪಿನ್ಯಾಗೂ ತಯಾರಾಗಿ ಸಿಗಂಗಿಲ್ಲ, ನಾವ ಹಾಕ್ಕೋಬೇಕು. ಕಷ್ಟ ಏನಿಲ್ಲ, ಒಂದ ಹಾಳಿ, ಒಂದ ಪೆನ್ನು, ಮೊಬೈಲಿನ್ಯಾಗಿನ ಕ್ಯಾಲ್ಕ್ಯುಲೇಟರ್ ಸಾಕು.

1. ಮೊದ್ಲ ಏರ್‌ಪೋರ್ಟ್ ಯಾವ್ದು ಅಂತ ಖಾತ್ರಿ ಮಾಡ್ಕೋರಿ

ಊರಿನ ಹೆಸರು ಹಿಡದು ಲೆಕ್ಕ ಹಾಕಿದ್ರ ಅಲ್ಲೇ ತಪ್ಪತೈತಿ. ಬೆಳಗಾವಿದು ಸಾಂಬ್ರಾದಾಗ ಐತಿ, ಊರಿನಿಂದ ಪೂರ್ವಕ್ಕ ಸುಮಾರ 10 ಕಿಲೋಮೀಟರ್, ಬಾಗಲಕೋಟಿ ರೋಡ್ ಹಿಡದು ಹೋಗೋದು. 1942ರಾಗ ಎರಡನೇ ಮಹಾಯುದ್ಧದ ಕಾಲಕ್ಕ ಬ್ರಿಟಿಷರ ಏರ್‌ಫೋರ್ಸ್ ಕಟ್ಟಿಸಿದ ಜಾಗಾ ಅದು, ಈಗಿನ ಟರ್ಮಿನಲ್ 2017ರ ಸೆಪ್ಟೆಂಬರ್‌ದಾಗ ಉದ್ಘಾಟನೆ ಆಗೇತಿ. ಬುಕ್ ಮಾಡೋ ಮುಂದ ಇದರ ಕೋಡ್ ಐಎಕ್ಸ್‌ಜಿ. ಹುಬ್ಬಳ್ಳಿದು ಗೋಕುಲ ರೋಡಿನ್ಯಾಗ, ಕೋಡ್ ಎಚ್‌ಬಿಎಕ್ಸ್.

ಗೋವಾದ ವಿಷಯದಾಗ ಭಾಳ ಹುಷಾರ ಇರ್ರಿ. ಅಲ್ಲಿ ಎರಡ ಏರ್‌ಪೋರ್ಟ್ ಅದಾವ, ಹಳೇದು ದಾಬೋಲಿಮ್ ಅಂದ್ರ ಜಿಒಐ, 2023ರ ಜನವರಿಯಿಂದ ವಿಮಾನ ಶುರು ಆದ ಹೊಸಾದು ಮೋಪಾ ಅಂದ್ರ ಜಿಒಎಕ್ಸ್. ಮೋಪಾ ಗೋವಾದ ಉತ್ತರದ ತುದಿಗೆ, ದಾಬೋಲಿಮ್ ವಾಸ್ಕೋ ಹತ್ರ, ನಡುವ ಒಂದೂವರಿ ತಾಸಿನ ದಾರಿ. ಬೆಳಗಾವಿಯಿಂದ ಕಾರ್ ಮಾಡಕೊಂಡು ಹೋಗಿ ಗೋವಾದಿಂದ ವಿಮಾನ ಹತ್ತೋರು ಭಾಳ ಮಂದಿ ಅದಾರ, ಟಿಕೆಟ್ ಮ್ಯಾಲ ಬರೇ "ಗೋವಾ" ಅನ್ನೋದಷ್ಟ ಓದಿ ಹೊರಟ್ರ ಒಂದ ಅಕ್ಷರದ ಫರಕಿಗೆ ವಿಮಾನಾನ ತಪ್ಪತೈತಿ. ಮುಂಬೈಗೂ ಈಗ ನವಿ ಮುಂಬೈದು ಸೇರಿ ಎರಡ ಆಗ್ಯಾವ. ಬೆಂಗಳೂರಿಗೆ ಇರೋದು ಒಂದ, ದೇವನಹಳ್ಳಿದು, ಆದ್ರ ಅದಕ್ಕ ಎರಡ ಟರ್ಮಿನಲ್ ಅದಾವ, ಅದರದ ಮಾತು ಮುಂದ ಬರತೈತಿ.

2. ದೂರ ಅಳಿಯೋದು

ರೋಡಿನ ದೂರ ಇಲ್ಲಿ ಉಪಯೋಗಿಲ್ಲ. ಬೆಳಗಾವಿ–ಬೆಂಗಳೂರು ಹೈವೇದಾಗ ಸುಮಾರ 500 ಕಿಲೋಮೀಟರ್, ರೈಲಿನ್ಯಾಗ 600ರ ಮ್ಯಾಲ, ವಿಮಾನಕ್ಕ ಸೀದಾ ಗೆರಿ ಎಳದ್ರ 445. ಈ 445 ಎಲ್ಲಿಂದ ಬಂತು ಅಂತ ಕೈಯಾಗ ಮಾಡಿ ನೋಡೂಣು.

ಮ್ಯಾಪಿನ್ಯಾಗ ಏರ್‌ಪೋರ್ಟ್ ಮ್ಯಾಲ ಬೆರಳ ಒತ್ತಿ ಹಿಡದ್ರ ಎರಡ ನಂಬರ್ ಬರತಾವ, ಮೊದಲನೇದು ಅಕ್ಷಾಂಶ, ಎರಡನೇದು ರೇಖಾಂಶ. ಸಾಂಬ್ರಾದ್ದು 15.86 ಮತ್ತ 74.62. ದೇವನಹಳ್ಳಿದು 13.20 ಮತ್ತ 77.71. ಅಕ್ಷಾಂಶದ ಫರಕ 2.66. ಒಂದ ಡಿಗ್ರಿ ಅಕ್ಷಾಂಶ ಅಂದ್ರ ಭೂಮಿ ಮ್ಯಾಲ ಎಲ್ಲೇ ಹೋದ್ರೂ 111 ಕಿಲೋಮೀಟರ್ ಹತ್ರ ಇರತೈತಿ, ಹಂಗಾಗಿ 2.66 ಗುಣಿಸು 111, ಅಂದ್ರ 295. ರೇಖಾಂಶದ ಫರಕ 3.09. ರೇಖಾಂಶದ ಗೆರಿಗೋಳು ಉತ್ತರಕ್ಕ ಹೋದಂಗ ಒಂದಕ್ಕೊಂದು ಹತ್ರ ಬರತಾವ, ಅದಕ್ಕ ನಮ್ಮ ಕರ್ನಾಟಕದ ಮಟ್ಟಿಗೆ ಒಂದ ಡಿಗ್ರಿಗೆ 107 ಹಿಡೀರಿ. 3.09 ಗುಣಿಸು 107, ಅಂದ್ರ 331. ಈಗ ಒಂದು ತ್ರಿಕೋನದ ಎರಡ ಬದಿ ಸಿಕ್ಕಂಗಾತು, ಉದ್ದನ ಬದಿ ಹುಡುಕೋದು ಸಾಲ್ಯಾಗ ಕಲಿತ ಪೈಥಾಗೊರಸ್ ಲೆಕ್ಕಾನ: 295ರ ವರ್ಗ, 331ರ ವರ್ಗ, ಎರಡೂ ಕೂಡಿಸಿ ವರ್ಗಮೂಲ ತೆಗದ್ರ 443 ಬರತೈತಿ. ಕಂಪ್ಯೂಟರ್ ಹಾಕೋ ಪಕ್ಕಾ ಲೆಕ್ಕಕ್ಕೂ ಇದಕ್ಕೂ ಎರಡ ಕಿಲೋಮೀಟರ್ ಫರಕ. ಹೈಸ್ಕೂಲ್ ಹುಡುಗರಿಗೆ ಇದನ್ನ ಒಮ್ಮೆ ಮಾಡಿ ತೋರಸ್ರಿ, ಪುಸ್ತಕದಾಗಿನ ಲೆಕ್ಕ ಊರಿನ ದೂರ ಹೇಳೋದು ನೋಡಿ ಭಾಳ ಖುಷಿ ಪಡತಾರ.

ಐದುನೂರು, ಸಾವಿರ ಕಿಲೋಮೀಟರ್ ತನಕ ಈ ಕೈ ಲೆಕ್ಕ ನಡೀತೈತಿ. ಅದಕ್ಕೂ ದೂರ ಇದ್ರ ಭೂಮಿ ಗುಂಡಗ ಇರೋದು ಲೆಕ್ಕಕ್ಕ ಬರತೈತಿ, ಆವಾಗ ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋ ಸೈಟಿನ್ಯಾಗ ಎರಡೂ ಕೋಡ್ ಹಾಕ್ರಿ, ಇಲ್ಲಂದ್ರ ಗೂಗಲ್ ಮ್ಯಾಪಿನ್ಯಾಗಿನ ದೂರ ಅಳಿಯೋ ಆಪ್ಶನ್ ಒತ್ತಿ ಒಂದ ಏರ್‌ಪೋರ್ಟಿನಿಂದ ಇನ್ನೊಂದಕ್ಕ ಗೆರಿ ಎಳೀರಿ. ಸಾಂಬ್ರಾದಿಂದ ಹೈದರಾಬಾದ್ ಸುಮಾರ 435, ಮುಂಬೈ 405, ದಿಲ್ಲಿ 1,435 ಕಿಲೋಮೀಟರ್ ಆಸುಪಾಸು ಬರತಾವ. ಕೆಲವ ಕಡೆ ದೂರ ನಾಟಿಕಲ್ ಮೈಲಿನ್ಯಾಗ ಕೊಟ್ಟಿರತಾರ, ಅದನ್ನ 1.852ರಿಂದ ಗುಣಿಸಿದ್ರ ಕಿಲೋಮೀಟರ್.

3. ದೂರದಿಂದ ಹೊತ್ತು ತೆಗೆಯೋದು

ಇಲ್ಲಿ ಭಾಳ ಮಂದಿ ಎಡವತಾರ. ವಿಮಾನ ತಾಸಿಗೆ 800 ಕಿಲೋಮೀಟರ್ ಹೋಗತೈತಿ, 445 ಭಾಗಿಸು 800, ಅಂದ್ರ 33 ನಿಮಿಷ, ಮುಗೀತು ಅಂತಾರ. ಹಂಗ ಆಗಂಗಿಲ್ಲ.

ಯಾಕಂದ್ರ ವಿಮಾನ ಸೀದಾ ಗೆರಿ ಮ್ಯಾಲ ಹೋಗಂಗಿಲ್ಲ. ಸಾಂಬ್ರಾದ ರನ್‌ವೇ ಪೂರ್ವ–ಪಶ್ಚಿಮ ಐತಿ, ಬೆಂಗಳೂರು ಇರೋದು ಆಗ್ನೇಯಕ್ಕ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಮಳೆಗಾಲದಾಗ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸತೈತಿ, ಹಂಗಾಗಿ ಊರಿನ ಕಡೆ ಮುಖಾ ಮಾಡಿ ಏರಿ ಆಮ್ಯಾಲ ಹೊಳ್ಳಬೇಕು. ಕಿಡಕಿ ಕಡೆ ಕುಂತ್ರ ನೋಡ್ರಿ, ಮೊದ್ಲ ಊರಿನ ಮನಿಗಳು ಕಾಣತಾವ, ರೆಕ್ಕಿ ಒಂದ ಕಡೆ ವಾಲತೈತಿ, ಹೊಲದ ಬದುಗೋಳು ಓರೆ ಆಗಿ ತಿರಗತಾವ, ಆಮ್ಯಾಲ ನೆಟ್ಟಗಾಗತೈತಿ. ಆ ಒಂದ ತಿರುವಿಗೇ ನಾಕೈದ ನಿಮಿಷ. ದೇವನಹಳ್ಳಿಯೊಳಗೂ ಎರಡ ರನ್‌ವೇ ಪೂರ್ವ–ಪಶ್ಚಿಮಾನ, ಅಲ್ಲಿ ಇಳಿಯೋ ಸಾಲು ಉದ್ದ ಇದ್ರ ಒಂದ ರೌಂಡ್ ಹೊಡಸತಾರ. ಹಂಗಾಗಿ ಸೀದಾ ದೂರಕ್ಕ ನೂರಕ್ಕ ಐದರಿಂದ ಹತ್ತ ಪಾಲು ಕೂಡಸಬೇಕು. 445ಕ್ಕ ಏಳ ಪಾಲು ಕೂಡಿಸಿದ್ರ 476.

ಇನ್ನೊಂದು, ಆ 800ರ ಸ್ಪೀಡು ಮ್ಯಾಲ ಏರಿದ ಮ್ಯಾಲ ಸಿಗೋದು. ಪೈಲಟ್‌ಗೋಳ ಒಂದು ಅಂದಾಜು ಲೆಕ್ಕ ಐತಿ, ಸಾವಿರ ಅಡಿ ಇಳಿಯಾಕ ಮೂರ ನಾಟಿಕಲ್ ಮೈಲು ಬೇಕು. ವಿಮಾನ 35,000 ಅಡಿ ಮ್ಯಾಲ ಇದ್ರ ಇಳಿಯಾಕ 105 ನಾಟಿಕಲ್ ಮೈಲು, ಅಂದ್ರ ಸುಮಾರ 195 ಕಿಲೋಮೀಟರ್ ಮೊದಲ ಶುರು ಮಾಡಬೇಕು. ಏರಾಕೂ ಸುಮಾರ ಅಷ್ಟ ಬೇಕು. 445ರಾಗ ಎರಡೂ ಕಳದ್ರ ಉಳಿಯೋದೇನು? ಐವತ್ತರವತ್ತ ಕಿಲೋಮೀಟರ್. ಬೆಳಗಾವಿ–ಬೆಂಗಳೂರಿನಂಥಾ ಸಣ್ಣ ದಾರಿಯೊಳಗ ವಿಮಾನ ಒಂದ ಏರತಿರತೈತಿ ಇಲ್ಲಾ ಇಳಿತಿರತೈತಿ, ಅದಕ್ಕ ಎಷ್ಟೋ ಸಲ ಅಷ್ಟ ಎತ್ತರಕ್ಕ ಏರಸೋದೂ ಇಲ್ಲ. ಚಹಾ ಕೊಟ್ಟ ಕಪ್ ವಾಪಸ್ ತಗೊಳ್ಳೋದ್ರೊಳಗ ಬೆಲ್ಟ್ ಹಾಕ್ಕೋರಿ ಅನ್ನೋದು ಇದಕ್ಕ.

ಹಿಂಗಾಗಿ ನಾ ಹಿಡಿಯೋ ಸೂತ್ರ ಇಷ್ಟ. ಹೆಚ್ಚಿಗೆ ಪಾಲು ಕೂಡಿಸಿದ ದೂರ ಭಾಗಿಸು ವಿಮಾನದ ಸ್ಪೀಡು, ಅದಕ್ಕ ಕೂಡಿಸು ಅರ್ಧ ತಾಸು. ಆ ಅರ್ಧ ತಾಸು ನೆಲದ ಮ್ಯಾಲ ಓಡಾಡೋದಕ್ಕ, ಏರೋದಕ್ಕ, ಇಳಿಯೋದಕ್ಕ. ಎ320ಯಂಥಾ ಜೆಟ್ ಆದ್ರ ಸ್ಪೀಡು 800 ಹಿಡೀರಿ, ರೆಕ್ಕಿಗೆ ಫ್ಯಾನ್ ಇರೋ ಎಟಿಆರ್ ಆದ್ರ 500, ಅರ್ಧ ತಾಸಿನ ಬದ್ಲಿ 25 ನಿಮಿಷ, ಯಾಕಂದ್ರ ಅದು ಅಷ್ಟ ಎತ್ತರಕ್ಕ ಏರಂಗಿಲ್ಲ.

ಬೆಂಗಳೂರಿಗೆ ಜೆಟ್ಟಿನ್ಯಾಗ 36 ಕೂಡಿಸು 30, ಒಂದ ತಾಸ ಆರ ನಿಮಿಷ. ಎಟಿಆರ್‌ದಾಗ 57 ಕೂಡಿಸು 25, ಒಂದ ತಾಸ ಇಪ್ಪತ್ತೆರಡ ನಿಮಿಷ. ಸ್ಪೀಡಿನ್ಯಾಗ ತಾಸಿಗೆ 300 ಕಿಲೋಮೀಟರ್ ಫರಕ ಇದ್ರೂ ಮುಟ್ಟೋದ್ರಾಗ ಬರೇ ಕಾಲ ತಾಸು! ಎಟಿಆರ್ ಅಂದ ಕೂಡಲೆ "ಅದು ಸಣ್ಣ ವಿಮಾನಾ, ಬ್ಯಾಡ" ಅನ್ನೋರು ಈ ಲೆಕ್ಕ ನೋಡಬೇಕು, ಆ ಕಾಲ ತಾಸಿನ ಸಲುವಾಗಿ ಸಾವಿರ ರೂಪಾಯಿ ಜಾಸ್ತಿ ಕೊಡೋದು ನನಗಂತೂ ಸರಿ ಅನಸಂಗಿಲ್ಲ. ದಿಲ್ಲಿ ಕತಿ ಬ್ಯಾರೆ. 1,435ಕ್ಕ ಐದ ಪಾಲು ಕೂಡಿಸಿ 1,507, ಜೆಟ್ಟಿಗೆ ಎರಡ ತಾಸ 23 ನಿಮಿಷ, ಎಟಿಆರ್‌ಗೆ ಮೂರ ತಾಸಿನ ಮ್ಯಾಲ. ದೂರ ಹೆಚ್ಚಾದಂಗ ಜೆಟ್ಟಿನ ಕಿಮ್ಮತ್ತು ಹೆಚ್ಚಾಗತೈತಿ. ಬುಕ್ ಮಾಡೋ ಮುಂದ ಫ್ಲೈಟ್ ಡೀಟೇಲ್ಸ್ ಒತ್ತಿದ್ರ ಯಾವ ವಿಮಾನ ಅಂತ ಬರದಿರತೈತಿ, ಸ್ಟಾರ್ ಏರ್ ಕಂಪನಿಯ ಫ್ಲೈಟಿನ್ಯಾಗ ಎಂಬ್ರೇಯರ್ ಅಂತ ಇದ್ರ ಅದೂ ಜೆಟ್ಟ.

4. ಟಿಕೆಟ್ ಮ್ಯಾಲಿನ ಹೊತ್ತು ಓದೋದು

ಟಿಕೆಟ್‌ನ್ಯಾಗ ಬರದಿರೋ ಹೊರಡೋ ಹೊತ್ತು ಚಕ್ರಾ ನೆಲಾ ಬಿಡೋ ಹೊತ್ತಲ್ಲ. ವಿಮಾನ ನಿಂತ ಜಾಗಾ ಬಿಟ್ಟು ಸರಿಯೋ ಹೊತ್ತದು, ಮುಟ್ಟೋ ಹೊತ್ತು ಅಂದ್ರ ಅಲ್ಲಿ ಹೋಗಿ ನಿಂದ್ರೋ ಹೊತ್ತು. ಇದಕ್ಕ ಬ್ಲಾಕ್ ಟೈಮ್ ಅಂತಾರ. ಸಾಂಬ್ರಾದಾಗ ಟರ್ಮಿನಲ್ಲಿನಿಂದ ರನ್‌ವೇ ಹತ್ರಾನ, ದೇವನಹಳ್ಳಿಯೊಳಗ ಮುಂಜಾನೆ ಗದ್ಲದಾಗ ನೆಲದ ಮ್ಯಾಲ ಓಡಾಡಾಕೇ 15–20 ನಿಮಿಷ. ಕಂಪನಿಯವ್ರು ಇದರ ಮ್ಯಾಲ ಇನ್ನಷ್ಟ ನಿಮಿಷ ಸೇರಿಸಿ ಬರೀತಾರ, ತಡಾ ಆದ್ರೂ ಟೈಮಿಗೆ ಮುಟ್ಟಬೇಕಂತ. ಹಂಗಾಗಿ ಸೂತ್ರದಿಂದ ಬಂದ ನಂಬರಿಗಿಂತ ಟಿಕೆಟ್ಟಿನ್ಯಾಗ ಹತ್ತ ಹದಿನೈದ ನಿಮಿಷ ಜಾಸ್ತಿ ಇದ್ರ ಲೆಕ್ಕ ತಪ್ಪಿಲ್ಲ, ಹಂಗ ಇರೋದ ಸಹಜ.

ಖರೇ ಎಷ್ಟೊತ್ತಿಗೆ ಹೊಂಡತೈತಿ, ಎಷ್ಟೊತ್ತಿಗೆ ಮುಟ್ಟತೈತಿ ಅಂತ ನೋಡಬೇಕಂದ್ರ ಫ್ಲೈಟ್‌ರಡಾರ್24 ಆ್ಯಪ್ ಹಾಕ್ಕೋರಿ, ರೊಕ್ಕಾ ಕೊಡದೇನ ಹಿಂದಿನ ಏಳ ದಿನದ್ದು ಸಿಗತೈತಿ. ಫ್ಲೈಟ್ ನಂಬರ್ ಹಾಕಿ ಹಿಂದಿನ ದಿನಗಳದ್ದು ಒಂದೊಂದ ತೆಗದು ನೋಡ್ರಿ, ಹೊರಡೋ ಹೊತ್ತಿನ ಮುಂದ ಖರೇ ಹೊಂಟ ಹೊತ್ತು ಇರತೈತಿ. ಏಳರಾಗ ನಾಕ ಸಲ ಅರ್ಧ ತಾಸು ತಡಾ ಇದ್ರ ನಿಮ್ಮ ದಿನಾನೂ ಹಂಗ ಅಂತ ತಿಳಕೊಂಡ ಮುಂದಿನ ಕೆಲಸ ಇಟಗೋರಿ. ಸಂಜಿ ಫ್ಲೈಟಿಗೆ ತಡಾ ಆಗೋದು ಹೆಚ್ಚು, ಯಾಕಂದ್ರ ಅದ ವಿಮಾನ ಮುಂಜಾನಿಂದ ನಾಕೈದ ಊರು ಅಡ್ಡಾಡಿ ಬಂದಿರತೈತಿ, ಒಂದ ಕಡೆ ತಡಾ ಆದ್ರ ಎಲ್ಲಾ ಕಡೆ ಮುಂದ ಹೋಗತೈತಿ. ಚಳಿಗಾಲದಾಗ ಮಾತ್ರ ನಸುಕಿನ ಫ್ಲೈಟಿಗೆ ದೇವನಹಳ್ಳಿ ಮಂಜಿನ ತ್ರಾಸ ಇರತೈತಿ. ನಮ್ಮ ಬೆಳಗಾವಿಗೆ ಜುಲೈ–ಆಗಸ್ಟಿನ ಜಡಿ ಮಳಿ, ಮೋಡ ಕೆಳಗ ಕುಂತಾಗ ವಿಮಾನ ಇಳಿಸಾಕ ಆಗದ ಬ್ಯಾರೆ ಊರಿಗೆ ತಿರಗಸೋದು ಇರತೈತಿ. ಆ ಎರಡ ತಿಂಗಳು ಕೋರ್ಟ್ ತಾರೀಖು, ಇಂಟರ್‌ವ್ಯೂ, ಆಪರೇಶನ್ ಅಂಥಾದಕ್ಕ ಹೋಗೋರು ಹಿಂದಿನ ದಿನಾನ ಹೋಗ್ರಿ.

5. ಮನಿಯಿಂದ ಮನಿ ತನಕ

ಇಷ್ಟೆಲ್ಲಾ ಲೆಕ್ಕ ಹಾಕಿದ್ದು ಇದರ ಸಲುವಾಗಿ. ಹಾಳಿ ಮ್ಯಾಲ ಐದ ಸಾಲು ಬರೀರಿ: ಮನಿಯಿಂದ ಏರ್‌ಪೋರ್ಟ್, ಏರ್‌ಪೋರ್ಟಿನ್ಯಾಗ ಕಾಯೋದು, ಟಿಕೆಟ್ಟಿನ ಹೊತ್ತು, ಇಳದ ಮ್ಯಾಲ ಬ್ಯಾಗ್ ತಗೊಂಡು ಹೊರಗ ಬರೋದು, ಅಲ್ಲಿಂದ ಮುಟ್ಟೋ ಜಾಗಾ.

ಬೆಳಗಾವಿಯ ಟಿಳಕವಾಡಿಯಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೊಂಟೀರಿ ಅಂತ ಹಿಡೀರಿ. ಸಾಂಬ್ರಾಕ್ಕ ಊರಿನ ಟ್ರಾಫಿಕ್ ಹಿಡದು 35 ನಿಮಿಷ. ದೇಶದೊಳಗಿನ ಫ್ಲೈಟಿಗೆ ಚೆಕ್ ಇನ್ ಕೌಂಟರ್ 45 ರಿಂದ 60 ನಿಮಿಷ ಮೊದ್ಲ ಮುಚ್ಚತಾರ, ಗೇಟು 25 ನಿಮಿಷ ಮೊದ್ಲ, ಅದಕ್ಕ ಒಂದೂವರಿ ತಾಸು ಮೊದ್ಲ ಇರಬೇಕು. ಸಾಂಬ್ರಾ ಸಣ್ಣದು ಅಂತ ತಡಾ ಮಾಡಿ ಹೋಗಬ್ಯಾಡ್ರಿ, ಸಣ್ಣದಾದ್ರೂ ಕೌಂಟರ್ ಮುಚ್ಚೋ ಹೊತ್ತು ದೊಡ್ಡ ಊರಿಂದಾನ. ಟಿಕೆಟ್ಟಿನ ಹೊತ್ತು 80 ನಿಮಿಷ, ಬ್ಯಾಗಿಗೆ 25, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ವಾಯು ವಜ್ರ ಬಸ್ಸಿನ್ಯಾಗ ಒಂದರಿಂದ ಒಂದೂವರಿ ತಾಸು. ಎಲ್ಲಾ ಕೂಡಿಸಿದ್ರ ಹೆಚ್ಚಂದ್ರ ಐದ ತಾಸ ಇಪ್ಪತ್ತ ನಿಮಿಷ, ಅದ್ರಾಗ ಮ್ಯಾಲ ಹಾರೋದು ಒಂದ ತಾಸು. 2025ರ ಆಗಸ್ಟ್‌ದಾಗ ಶುರು ಆದ ವಂದೇ ಭಾರತ್ ಸುಮಾರ ಎಂಟೂವರಿ ತಾಸಿನ್ಯಾಗ ಊರ ನಡುವಿಂದ ಊರ ನಡುವ ಒಯ್ದು ಬಿಡತೈತಿ, ಹಂಗಾಗಿ ವಿಮಾನದಿಂದ ಉಳಿಯೋದು ಮೂರ ಮೂರೂವರಿ ತಾಸು. ಅಷ್ಟ ಹೊತ್ತಿಗೆ ಎಷ್ಟ ರೊಕ್ಕಾ ಕೊಡಬಹುದು ಅನ್ನೋದು ಒಬ್ಬೊಬ್ಬರ ಕೆಲಸದ ಮ್ಯಾಲ. ಯಲಹಂಕ, ಹೆಬ್ಬಾಳ ಕಡೆ ಕೆಲಸ ಇದ್ರ ವಿಮಾನದ ಕಡೆ ತಕ್ಕಡಿ ವಾಲತೈತಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗೋದಿದ್ರ ದೇವನಹಳ್ಳಿ ಊರಿನ ಆ ತುದಿ ಆತು, ಎರಡರಿಂದ ಎರಡೂವರಿ ತಾಸು ಟ್ಯಾಕ್ಸಿಗೇ ಹೋಗತೈತಿ.

ಬಾಗಲಕೋಟಿಯವರಿಗೆ ಸಾಂಬ್ರಾ ಸುಮಾರ 130–140 ಕಿಲೋಮೀಟರ್, ಹುಬ್ಬಳ್ಳಿ 120ರ ಆಸುಪಾಸು. ಬೆಂಗಳೂರಿಗಾದ್ರ ಹುಬ್ಬಳ್ಳಿ ಚಲೋ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮ್ಯಾಲಿನ ದೂರಾನೂ ಕಡಿಮಿ, ಸುಮಾರ 370. ಆದ್ರೂ ಮನಿಯಿಂದ ಮೆಜೆಸ್ಟಿಕ್ ತನಕ ಏಳೂವರಿ ಎಂಟ ತಾಸು ಆಗೇ ಆಗತೈತಿ. ವಿಜಯಪುರದವರಿಗೆ ಹುಬ್ಬಳ್ಳಿ 200 ಕಿಲೋಮೀಟರ್ ಹತ್ರ, ಕಾರಿನ್ಯಾಗ ನಾಕ ತಾಸು, ಮ್ಯಾಲ ಅರ್ಧ ತಾಸು ಕೈಯಾಗ ಇಟಗೋಬೇಕು, ಕಾಯೋದು, ಹಾರೋದು, ಇಳಿಯೋದು, ಬಸ್ಸು ಎಲ್ಲಾ ಸೇರಿ ಒಂಬತ್ತ ತಾಸಿನ ಮ್ಯಾಲ. ರಾತ್ರಿ ಸ್ಲೀಪರ್ ಬಸ್ಸಿನ್ಯಾಗ ಮಲ್ಕೊಂಡ್ರ ಹತ್ತ ಹನ್ನೊಂದ ತಾಸಿಗೆ ಮುಂಜಾನೆ ಬೆಂಗಳೂರು. ಒಂದ ತಾಸಿನ ಫರಕಿಗೆ ಕಾರಿನ ಬಾಡಗಿ, ವಿಮಾನದ ಟಿಕೆಟ್ ಎರಡೂ ಯಾಕ? ವಿಜಯಪುರದಿಂದ ಬೆಂಗಳೂರಿಗೆ ಬಸ್ಸು, ಇಲ್ಲಾ ಗೋಲಗುಂಬಜ್ ಎಕ್ಸ್‌ಪ್ರೆಸ್, ಇದ ನನ್ನ ಖಚಿತ ಅಭಿಪ್ರಾಯ. ದಿಲ್ಲಿಗೆ ಹೋಗೋದಿದ್ರ ಮಾತ್ರ ಲೆಕ್ಕ ಪೂರಾ ಉಲ್ಟಾ, ರೈಲಿನ್ಯಾಗ ಒಂದ ದಿನದ ಮ್ಯಾಲ ಹೋಗತೈತಿ, ಐದ ತಾಸು ಕಾರಿನ್ಯಾಗ ಕುಂತು ಬೆಳಗಾವಿಗೆ ಬಂದ್ರೂ ಅದ ದಿನ ದಿಲ್ಲಿ ಮುಟ್ಟತೀರಿ.

6. ಸೀದಾ ಫ್ಲೈಟ್ ಇಲ್ಲದಾಗ

ಬೆಳಗಾವಿಯಿಂದ ದಿಲ್ಲಿಗೆ ಬೆಂಗಳೂರ ಮ್ಯಾಲ ಹೋದ್ರ 445 ಕೂಡಿಸು 1,709, ಒಟ್ಟ 2,154 ಕಿಲೋಮೀಟರ್, ಸೀದಾ ದಾರಿಗಿಂತ 700ರ ಮ್ಯಾಲ ಜಾಸ್ತಿ. ಹೊತ್ತು ಇನ್ನೂ ಜಾಸ್ತಿ: 1 ತಾಸ 20, ನಡುವ ಕಾಯೋದು ಎರಡ ತಾಸು, ಆಮ್ಯಾಲ 2 ತಾಸ 50, ಒಟ್ಟ ಆರ ತಾಸ ದಾಟತೈತಿ. ಸೀದಾ ಹೋದ್ರ ಎರಡೂವರಿ.

ನಡುವ ಬದಲಿ ಮಾಡೋದಿದ್ರ ಎರಡೂ ಫ್ಲೈಟು ಒಂದ ಟಿಕೆಟ್ಟಿನ್ಯಾಗ ಇರಲಿ. ಬ್ಯಾರೆ ಬ್ಯಾರೆ ತೆಗಸಿದ್ರ ಐದುನೂರು ಉಳೀಬಹುದು, ಆದ್ರ ಮೊದಲನೇದು ತಡಾ ಆಗಿ ಎರಡನೇದು ತಪ್ಪಿದ್ರ ಯಾರೂ ಜವಾಬ್ದಾರಿ ತಗೊಳ್ಳಂಗಿಲ್ಲ, ಬ್ಯಾಗೂ ಹೊರಗ ಬಂದು ತಗೊಂಡು ಮತ್ತ ಕೊಡಬೇಕು. ಬೆಂಗಳೂರಿನ್ಯಾಗ ಟರ್ಮಿನಲ್ ನೋಡ್ರಿ. 2023ರ ಸೆಪ್ಟೆಂಬರ್‌ದಿಂದ ವಿದೇಶದ ಫ್ಲೈಟು ಟರ್ಮಿನಲ್ 2ಕ್ಕ ಹೋಗ್ಯಾವ, ನೀವು ಟರ್ಮಿನಲ್ 1ರಾಗ ಇಳದ್ರ ಅಲ್ಲಿಂದ ಶಟಲ್ ಹಿಡದು ಹೋಗಿ ಇಮಿಗ್ರೇಶನ್, ಸೆಕ್ಯುರಿಟಿ ಎಲ್ಲಾ ಹೊಸದಾಗಿ. ವಿದೇಶಕ್ಕ ಹೋಗೋರು ನಡುವ ನಾಕ ತಾಸರ ಇಟಗೋರಿ.

7. ವಿದೇಶದ ಲೆಕ್ಕ: ಗಡಿಯಾರ ಬದಲಾಗತೈತಿ

ದುಬೈ ಉದಾಹರಣಿ ತಗೋರಿ, ನಮ್ಮ ಕಡೆ ಮಂದಿ ಭಾಳ ಅಲ್ಲಿ ದುಡಿತಾರ. ಬೆಂಗಳೂರಿನಿಂದ ಮುಂಜಾನೆ 10ಕ್ಕ ಹೊಂಟು ದುಬೈ 12:30ಕ್ಕ ಮುಟ್ಟತೈತಿ ಅಂತ ಟಿಕೆಟ್ಟಿನ್ಯಾಗ ಇದ್ರ ಎರಡೂವರಿ ತಾಸು ಅಂತ ಅನಸತೈತಿ. ಆದ್ರ ಎರಡೂ ಆಯಾ ಊರಿನ ಗಡಿಯಾರದ ಹೊತ್ತು. ದುಬೈ ನಮಗಿಂತ ಒಂದೂವರಿ ತಾಸು ಹಿಂದ ಐತಿ, ಅಲ್ಲಿ 12:30 ಅಂದ್ರ ಇಲ್ಲಿ 2 ಗಂಟೆ, ಹಂಗಾಗಿ ಖರೇ ಹೊತ್ತು ನಾಕ ತಾಸು. ನಮ್ಮ ಸೂತ್ರಾನೂ ಹಾಕಿ ನೋಡ್ರಿ: ದೂರ 2,695, ಐದ ಪಾಲು ಕೂಡಿಸಿ 2,830, ಭಾಗಿಸು 800, ಮೂರೂವರಿ ತಾಸು, ಮ್ಯಾಲ ಅರ್ಧ, ನಾಕ ತಾಸು. ಕೂಡತೈತಿ. ಯಾವ ದೇಶ ಇದ್ರೂ ಎರಡೂ ಹೊತ್ತನ್ನ ಭಾರತದ ಟೈಮಿಗೆ ತಂದು ಕಳೀರಿ. ಮುಟ್ಟೋ ಹೊತ್ತಿನ ಮುಂದ ಸಣ್ಣಗ ಪ್ಲಸ್ ಒಂದು ಅಂತ ಇದ್ರ ಮರುದಿನ, ಕರಕೊಂಡು ಬರಾಕ ಹೋಗೋರು ಇದನ್ನ ನೋಡದ ಹಿಂದಿನ ದಿನಾನ ಹೋಗಿ ನಿಂತಿರತಾರ.

ಭಾಳ ದೂರದ್ದಕ್ಕ ಗಾಳಿನೂ ಸೇರಸಬೇಕು. ಉತ್ತರ ಭಾರತದಿಂದ ಮ್ಯಾಲ, ಯುರೋಪ್, ಅಮೆರಿಕದ ಕಡೆ, ವಿಮಾನ ಹಾರೋ ಎತ್ತರದಾಗ ಗಾಳಿ ಪಶ್ಚಿಮದಿಂದ ಪೂರ್ವಕ್ಕ ಜೋರ ಬೀಸತೈತಿ, ಜೆಟ್ ಸ್ಟ್ರೀಮ್ ಅಂತಾರ. ಅದಕ್ಕ ಲಂಡನ್‌ಗೆ ಹೋಗೋ ಹೊತ್ತಿಗಿಂತ ಅಲ್ಲಿಂದ ಬರೋ ಹೊತ್ತು ಕಡಿಮಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಸುಮಾರ 14,000 ಕಿಲೋಮೀಟರ್. ಗ್ವಾಡಿ ಮ್ಯಾಲಿನ ನಕ್ಷೆಯೊಳಗ ಗೆರಿ ಎಳದ್ರ ಪೆಸಿಫಿಕ್ ಸಮುದ್ರ ದಾಟಿ ಹೋಗಬೇಕು ಅನಸತೈತಿ, ಗ್ಲೋಬ್ ಮ್ಯಾಲ ದಾರ ಹಿಡದು ಎಳದ್ರ ಅದು ಉತ್ತರ ಧ್ರುವದ ಹತ್ರ ಹಾದು ಹೋಗತೈತಿ. 2021ರ ಜನವರಿಯೊಳಗ ಏರ್ ಇಂಡಿಯಾದ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತ ಅವರ ಜೋಡಿ ಪೂರಾ ಮಹಿಳಾ ಪೈಲಟ್‌ಗೋಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಅದ ಧ್ರುವದ ದಾರಿ ಹಿಡದ ಬಂದ್ರು. ಸೀದಾ ದೂರ 14,000 ಇದ್ರೂ ಹಾರಿದ್ದು ಸುಮಾರ 16,000, ಇಂಥಾ ದಾರಿಗೆ ಐದ ಪಾಲಿನ ಲೆಕ್ಕ ಸಾಲಂಗಿಲ್ಲ, ಟಿಕೆಟ್ಟಿನ ಹೊತ್ತನ್ನ ನಂಬ್ರಿ.

ಒಂದ ಸಲ ಹಾಕಿದ ಲೆಕ್ಕ ವರ್ಷಾನುಗಟ್ಟಲೆ ನಡಿಯಂಗಿಲ್ಲ. ವಿಮಾನದ ಟೈಮ್ ಟೇಬಲ್ ವರ್ಷಕ್ಕ ಎರಡ ಸಲ ಬದಲಾಗತೈತಿ, ಮಾರ್ಚಿನ ಕಡೀ ರವಿವಾರಕ್ಕ ಒಮ್ಮೆ, ಅಕ್ಟೋಬರಿನ ಕಡೀ ರವಿವಾರಕ್ಕ ಒಮ್ಮೆ. ಬೆಳಗಾವಿಯಂಥಾ ಊರಿಗೆ ಫ್ಲೈಟ್ ಬರೋದು ನಿಂದ್ರೋದು ಹೆಚ್ಚಾಗಿ ಆವಾಗಾನ. ಏಪ್ರಿಲ್ ಇಲ್ಲಾ ನವೆಂಬರದಾಗ ಹೋಗೋದಿದ್ರ ಹಳೇ ಟೈಮ್ ಹಿಡೀಬ್ಯಾಡ್ರಿ, ಕಂಪನಿಯ ಸೈಟಿನ್ಯಾಗ ನೋಡಿ ಆ ಐದೂ ಸಾಲು ಮತ್ತೊಮ್ಮೆ ಬರೀರಿ.